ಎಳ್ಳಮಾವಾಸ್ಯೆಯ ಭಜ್ಜಿಯೂ ಲೈನು ಮನೆಯ ಜ್ವರವೂ



ರೊಬಸ್ಟಾ ಕೊಯ್ಲಿಗೆ ಆಳು ಗೊತ್ತುಮಾಡಿ ಬರಲೆಂದು ನಾವು ಕಳೆದ ಎಳ್ಳಮಾವಾಸ್ಯೆಯ ಹಿಂದಿನ ದಿನ ಬೀದರ ಜಿಲ್ಲೆಯ ಮುಡಬಿಗೆ ಹೋಗಿದ್ದೆವು. ಬಸವಕಲ್ಯಾಣ, ಹುಮನಾಬಾದ ಸೀಮೆಯವರು ದುಡಿಮೆಗೆಂದು ಊರು ಬಿಟ್ಟರೆ ಸಾಮಾನ್ಯವಾಗಿ ಹೈದರಾಬಾದು, ಪುಣೆ, ಮುಂಬಯಿಗಳ ದಾರಿ ಹಿಡಿಯುತ್ತಾರೆ. ನಮ್ಮ ಮಲೆನಾಡಿಗೆ ಬರುವವರು ಕಡಿಮೆ. ಆದರೆ ಒಂಬತ್ತು ವರ್ಷಗಳಿಂದ ಮುಡಬಿಯ ಮೇಸ್ತ್ರಿಯೊಬ್ಬರು ಹದಿನೆಂಟಿಪ್ಪತ್ತು ಜನರ ತಂಡ ಕಟ್ಟಿಕೊಂಡು ನಮ್ಮ ತೋಟಕ್ಕೂ ನೆರೆಯ ಮೂರು ನಾಲ್ಕು ಸದಸ್ಯರ ತೋಟಗಳಿಗೂ ಬರುತ್ತಿದ್ದಾರೆ. ಅವರದ್ದೊಂದು ಕಟ್ಟುಪಾಡು: ಎಳ್ಳಮಾವಾಸ್ಯೆ ಮುಗಿಯದೆ ಊರು ಬಿಡುವುದಿಲ್ಲ. ಅರೇಬಿಕಾ ಕೊಯ್ಲು ಮುಕ್ಕಾಲು ಮುಗಿದ ಮೇಲೆ ಬರುತ್ತಾರೆಂದು ನಾವು ವರ್ಷವರ್ಷವೂ ಗೊಣಗುವುದು, ಅವರು ವರ್ಷವರ್ಷವೂ ನಕ್ಕು ಸುಮ್ಮನಾಗುವುದು ನಡೆದೇ ಇತ್ತು.

ಈ ಸಲ ನಾವೇ ಅಷ್ಟು ದೂರ ಹೋದುದಕ್ಕೆ ಆಳಿನ ವಿಚಾರವೊಂದೇ ಕಾರಣವಲ್ಲ. ಮೇಸ್ತ್ರಿಯ ಸೋದರಳಿಯನನ್ನು ಕಾಣಬೇಕಾಗಿತ್ತು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಅಮಾವಾಸ್ಯೆಯಂದು ಬೆಳಿಗ್ಗೆ ಊರಿಗೆ ಊರೇ ಹೊಲಕ್ಕೆ ಹೊರಟಿತ್ತು. ಕರಿಮಣ್ಣಿನಲ್ಲಿ ಬಿಳಿಜೋಳ ಮೊಳಕಾಲೆತ್ತರಕ್ಕೂ ಮೀರಿ ನಿಂತಿತ್ತು, ಪಕ್ಕದ ಹೊಲದಲ್ಲಿ ತೊಗರಿ, ಅದರಾಚೆ ಹಸಿ ಕಡಲೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲಕ್ಕೆ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತರು. ಎಲೆಗೆ ಬಿದ್ದದ್ದು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕುಡಿಯಲು ಅಂಬಲಿ. ಭಜ್ಜಿಯೆಂದರೆ ನಮ್ಮ ಕಡೆಯ ಎಣ್ಣೆಯ ಬಜ್ಜಿಯಲ್ಲ. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯೆ ಸೊಪ್ಪು, ಬದನೆ, ಗಜ್ಜರಿ, ಆ ಕಾಲಕ್ಕೆ ಹೊಲದಲ್ಲಿ ಏನೇನು ಹಸಿರಾಗಿದೆಯೋ ಅದೆಲ್ಲವನ್ನೂ ಕಡಲೆ ಹಿಟ್ಟಿನೊಂದಿಗೆ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು. ನಾವು ಎಣಿಸಲು ಹೋಗಿ ಹನ್ನೊಂದಕ್ಕೆ ಸೋತೆವು.

ಮೇಸ್ತ್ರಿಯ ತಾಯಿ, ಎಲ್ಲರಿಗೂ ಆಯಿ, ಎಂಬತ್ತರ ಆಚೀಚೆ ಇರಬಹುದು. ತಾವೇ ಬಡಿಸುತ್ತ ಬಂದವರು ನಮ್ಮ ಮುಂದೆ ನಿಂತರು. "ಉಣ್ರೀ ಯಪ್ಪಾ, ಹೊಟ್ಟಿ ತುಂಬ ಉಣ್ರೀ. ನಮ್ಮ ಹುಡುಗ್ರು ಹ್ವಾದಾಗ ಗಟ್ಟಿ ಇರ್ತಾವ್ರಿ, ನಿಮ್ಮ ಕಡಿ ಅನ್ನಾ ಉಂಡು ಉಂಡು ಸೊರಗಿ ಬರ್ತಾವ" ಎಂದರು. ಮೇಸ್ತ್ರಿ, "ಏ ಆಯಿ, ಸುಮ್ಮ ಇರಬೇ, ಸಾವ್ಕಾರ್ರ ಮುಂದ" ಎಂದು ತಡೆದರು. ಆಯಿ ಸುಮ್ಮನಾಗಲಿಲ್ಲ. ನಾವು ತಲೆ ತಗ್ಗಿಸಿ ಉಂಡೆವು.

ಊರಿಗೆ ಮರಳಿದ ಮೇಲೆ ನಮ್ಮ ರೈಟರು ಇಟ್ಟಿರುವ ಲೈನು ಮನೆಯ ರೇಷನ್ ಪುಸ್ತಕವನ್ನು ತೆಗೆದು ನೋಡಿದೆವು. ತಲೆಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ, ಮೂವತ್ತು ಗ್ರಾಂ ಬೇಳೆ, ಸ್ವಲ್ಪ ಎಣ್ಣೆ, ಉಪ್ಪು, ಮೆಣಸಿನಕಾಯಿ. ವಾರಕ್ಕೊಮ್ಮೆ ಒಣಮೀನನ್ನು ಅವರೇ ಸಂತೆಯಿಂದ ತರುತ್ತಾರೆ. ತರಕಾರಿ ಸಿಕ್ಕಿದರೆ ಉಂಟು. ಹಗಲು ಹಸಿವಾದರೆ ಕವಳ ಹಾಕಿಕೊಂಡು ಮುಂದಿನ ಗಿಡಕ್ಕೆ ಹೋಗುವುದು. ಅಡಿಕೆ ಹಸಿವನ್ನು ಮುಚ್ಚುತ್ತದೆಂಬುದು ಅಡಿಕೆ ಬೆಳೆಯುವ ನಮಗಿಂತ ಚೆನ್ನಾಗಿ ಕೂಲಿಯವರಿಗೆ ಗೊತ್ತು.

ಬೇಳೆ ಕಡಿಮೆಯಾದರೆ ಏನಾಯಿತು, ಹೊಟ್ಟೆ ತುಂಬಿದೆಯಲ್ಲ ಎಂದು ಕೇಳುವವರುಂಟು. ಕಳೆದ ವರ್ಷದ ಮಹಾಸಭೆಯಲ್ಲಿ ಕೇಳಿಯೂ ಇದ್ದಾರೆ. ಅವರಿಗೆ ನಮ್ಮದೇ ಗಿಡದ ಉದಾಹರಣೆ ಕೊಡಬಹುದು. ಒಂದು ವರ್ಷ ಮಿತಿಮೀರಿ ಫಸಲು ಹೊತ್ತು, ಗೊಬ್ಬರ ಸಾಲದೆ ನಿಂತ ಕಾಫಿ ಗಿಡ ಎಲೆ ಹಸಿರಾಗಿಯೇ ಇದ್ದಂತೆ ಕಾಣುತ್ತದೆ. ಎಲೆ ತುಕ್ಕು ಬಂದಾಗ ಮೊದಲು ಬರಿದಾಗುವುದು ಅದೇ ಗಿಡ; ರೆಂಬೆ ತುದಿಯಿಂದ ಒಣಗುತ್ತ ಬರುವುದೂ ಅದೇ ಗಿಡ. ತುಕ್ಕಿನ ಬೀಜ ಗಾಳಿಯಲ್ಲಿ ಬರುವುದನ್ನು ಗೊಬ್ಬರ ತಡೆಯಲಾರದು. ಬಂದದ್ದನ್ನು ಗಿಡ ತಾಳಿಕೊಳ್ಳುವುದೋ ಇಲ್ಲವೋ ಎಂಬುದು ಮಾತ್ರ ಗೊಬ್ಬರದ ಮೇಲೆ, ನೆರಳಿನ ಮೇಲೆ ನಿಂತಿದೆ. ಮನುಷ್ಯನ ಮೈಗೂ ವೈರಸ್ಸಿಗೂ ಇರುವ ಲೆಕ್ಕ ಹೆಚ್ಚು ಕಡಿಮೆ ಇದೇ.

ವೈರಸ್ಸು ಮೈಯೊಳಗೆ ಹೊಕ್ಕಾಗ ಅದನ್ನೆದುರಿಸುವ ಪ್ರತಿಕಾಯಗಳು ಪ್ರೋಟೀನಿನಿಂದಲೇ ಆದವು. ಬಿಳಿ ರಕ್ತಕಣಗಳು ಒಂದಕ್ಕೆ ಸಾವಿರವಾಗಿ ಹೆಚ್ಚಬೇಕಾದರೂ ಪ್ರೋಟೀನು, ಕಬ್ಬಿಣ, ಸತು, ಎ ಜೀವಸತ್ವ ಎಲ್ಲವೂ ಬೇಕು. ಊಟದಲ್ಲಿ ಸಾಲದಿದ್ದರೆ ಮೈ ತನ್ನ ಮಾಂಸಖಂಡವನ್ನೇ ಕರಗಿಸಿ ಒದಗಿಸುತ್ತದೆ; ಜ್ವರದಿಂದ ಎದ್ದವನು ತೋಳು ಸಣ್ಣಗಾಗಿ ಕಾಣುವುದು ಇದರಿಂದಲೇ. ಬಹುಕಾಲ ಪೋಷಣೆ ಸಾಲದ ಮಕ್ಕಳಲ್ಲಿ ಎದೆಯೊಳಗಿನ ಥೈಮಸ್ ಗ್ರಂಥಿ, ಅಂದರೆ ರಕ್ಷಣಾ ಕಣಗಳು ಬಲಿಯುವ ಸ್ಥಳವೇ, ಕುಗ್ಗಿಹೋಗುತ್ತದೆ. ಪೋಷಣೆ ಕಡಿಮೆಯಾದರೆ ಸೋಂಕು ಬಲಿಯುತ್ತದೆ, ಸೋಂಕು ಬಲಿತರೆ ಇದ್ದ ಪೋಷಣೆಯೂ ಸೋರಿಹೋಗುತ್ತದೆ ಎಂಬ ಈ ಸುತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿಯೇ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿತು. ಸ್ಕ್ರಿಮ್‌ಶಾ, ಟೇಲರ್, ಗಾರ್ಡನ್ ಎಂಬ ಮೂವರು ಅದನ್ನು ಬರೆದವರು.

ಒಂದೇ ಒಂದು ದೃಷ್ಟಾಂತ ಸಾಕು. ದಡಾರ ವೈರಸ್ಸಿನಿಂದ ಬರುವ ರೋಗ. 1990ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಒಂದು ಪ್ರಯೋಗದಲ್ಲಿ, ದಡಾರ ಬಲಿತು ಆಸ್ಪತ್ರೆ ಸೇರಿದ 189 ಮಕ್ಕಳಲ್ಲಿ 92 ಮಕ್ಕಳಿಗೆ ಎ ಜೀವಸತ್ವ ಕೊಟ್ಟರು, ಉಳಿದ 97 ಮಕ್ಕಳಿಗೆ ಕೊಡಲಿಲ್ಲ. ಕೊಟ್ಟವರಲ್ಲಿ ಸತ್ತವರು 2, ಕೊಡದವರಲ್ಲಿ 10. ಎರಡೂ ಗುಂಪಿಗೆ ಬಂದದ್ದು ಅದೇ ವೈರಸ್ಸು. ದಡಾರ ಬಂದ ಮಗುವಿಗೆ ಎ ಜೀವಸತ್ವ ಕೊಡಬೇಕೆಂಬುದು ಈಗ ಜಗತ್ತಿನಾದ್ಯಂತ ಒಪ್ಪಿದ ಚಿಕಿತ್ಸೆ. ನಮ್ಮ ಹಿತ್ತಲಿನ ನುಗ್ಗೆಸೊಪ್ಪು, ಪಪ್ಪಾಯಿ, ಸಿಹಿಗುಂಬಳ ಇವೆಲ್ಲ ಈ ಜೀವಸತ್ವಕ್ಕೆ ಮೂಲ. ಲೈನು ಮನೆಯ ಹಿಂದೆ ಎರಡು ನುಗ್ಗೆ ಗೂಟ ಊರಲು ಯಾವ ಸಹಾಯಧನವೂ ಬೇಕಾಗಿಲ್ಲ.

ಪೋಷಣೆಯ ಇಂಥ ಲೆಕ್ಕಗಳಿಗೆ ನಮ್ಮ ದೇಶದ ತವರುಮನೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅದು ಹುಟ್ಟಿದ್ದು ಮಾತ್ರ ನಮ್ಮಂಥ ತೋಟದ ಸೀಮೆಯಲ್ಲಿ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಪುಟ್ಟ ಪ್ರಯೋಗಶಾಲೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ಮೆಕ್‌ಕ್ಯಾರಿಸನ್ ಅವರು ದೇಶದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ಹಾಕಿ ಬೆಳೆಸಿ ನೋಡಿದರು. ಗೋಧಿ, ಬೇಳೆ, ಹಾಲು, ಸೊಪ್ಪು ತಿಂದ ಪಂಜಾಬಿ ಊಟದ ಇಲಿಗಳು ದಷ್ಟಪುಷ್ಟವಾದವು. ಅಕ್ಕಿಯೇ ಹೆಚ್ಚಾದ ದಕ್ಷಿಣದ ಊಟದ ಇಲಿಗಳು ಹಿಂದೆ ಬಿದ್ದವು. ಅನ್ನ ಉಣ್ಣುವ ನಮಗೆ ಇದು ಹಿತವಾದ ಸುದ್ದಿಯಲ್ಲ. ಆಯಿ ಹೇಳಿದ್ದೂ ಇದನ್ನೇ.

ಅದೇ ಸಂಸ್ಥೆ 2020ರಲ್ಲಿ ಕೊಟ್ಟ ಅಳತೆ ಹೀಗಿದೆ. ಉತ್ತಮ ಗುಣದ ಪ್ರೋಟೀನು ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಬೇಕು. ಬರಿಯ ಧಾನ್ಯವೇ ಹೆಚ್ಚಾಗಿರುವ ಊಟವಾದರೆ ಒಂದು ಗ್ರಾಮಿನಷ್ಟು. 55 ಕಿಲೋ ತೂಗುವ ಆಳಿಗೆ 55 ಗ್ರಾಂ. ನಮ್ಮ ರೈಟರ ಪುಸ್ತಕದಂತೆ ಅರ್ಧ ಕಿಲೋ ಅಕ್ಕಿಯಿಂದ 38 ಗ್ರಾಂ, ಮೂವತ್ತು ಗ್ರಾಂ ಬೇಳೆಯಿಂದ 6 ಅಥವಾ 7 ಗ್ರಾಂ. ಒಟ್ಟು 45. ಅದೂ ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಒಂದು ಅಂಶ ಕೊರತೆ. ಆ ಕೊರತೆಯನ್ನು ತುಂಬುವುದು ಬೇಳೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಎಂಬುದು ಸಂಸ್ಥೆಯ ಸಲಹೆ. ನಮ್ಮ ಲೈನು ಮನೆಯಲ್ಲಿ ಹದಿನಾರಕ್ಕೆ ಒಂದು ಪಾಲೂ ಇರಲಿಲ್ಲ. ಬೇಳೆ ಬೆಳೆಯುವ ಊರಿನವರನ್ನು ಕರೆತಂದು ಬೇಳೆಯಿಲ್ಲದೆ ಮೂರು ತಿಂಗಳು ದುಡಿಸಿದ್ದೇವೆ ಎಂದಾಯಿತು.

ಇನ್ನು ಕಬ್ಬಿಣದ ಮಾತು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಮ್ಮ ಕೊಯ್ಲಿನ ಅರ್ಧಕ್ಕಿಂತ ಹೆಚ್ಚು ಕೈಗಳು ಹೆಂಗಸರವು. ಸೊಪ್ಪು, ಕಾಳು, ಬೆಲ್ಲ ಎಂದು ಹೇಳುವುದು ಸುಲಭ. ಆದರೆ ಊಟದೊಡನೆಯೇ ಚಹಾ ಅಥವಾ ಕಾಫಿ ಕುಡಿದರೆ ಆ ಕಬ್ಬಿಣ ಮೈಗೆ ಹತ್ತುವುದಿಲ್ಲ. 1983ರ ಒಂದು ಪ್ರಯೋಗದಲ್ಲಿ ಊಟದೊಡನೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು ಇಳಿಯಿತು. ಚಹಾದಿಂದ ನೂರಕ್ಕೆ 64ರಷ್ಟು. ಚಹಾ ನಮಗಿಂತ ಹೆಚ್ಚು ತಪ್ಪಿತಸ್ಥ ಎಂಬುದು ಸಮಾಧಾನದ ವಿಷಯ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ಕೊರತೆಯೂ ಕಾಣಲಿಲ್ಲವಂತೆ. ಆದ್ದರಿಂದ ಬೆಳಗಿನ ಕಾಫಿಯನ್ನು ಎದ್ದೊಡನೆ ಕೊಟ್ಟು, ತಿಂಡಿಯನ್ನು ಆಮೇಲೆ ಕೊಡುವುದು ಲೇಸು.

ಹೊಟ್ಟೆಗಿಲ್ಲದ ನಾಡಿಗೆ ವೈರಸ್ಸು ಬಂದರೆ ಏನಾಗುತ್ತದೆಂಬುದನ್ನು ದಖ್ಖಣದ ಸೀಮೆ ಒಮ್ಮೆ ಕಂಡಿದೆ. 1918ರ ಇನ್‌ಫ್ಲುಯೆಂಜಾ ಮುಂಬಯಿ ಬಂದರಿನಿಂದ ಒಳನಾಡಿಗೆ ರೈಲಿನ ದಾರಿ ಹಿಡಿದು ಬಂದ ವರ್ಷವೇ ಮಳೆಯೂ ಕೈಕೊಟ್ಟಿತ್ತು, ಮೊದಲ ಮಹಾಯುದ್ಧದಿಂದ ಧಾನ್ಯದ ಬೆಲೆಯೂ ಏರಿತ್ತು. ಮುಡಬಿಯ ಸೀಮೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮಿಕ್ಕು. ಮುಂಬಯಿ ನಗರದ ಲೆಕ್ಕ ಉಳಿದಿದೆ: ಯೂರೋಪಿಯನ್ನರಲ್ಲಿ ಸಾವಿರಕ್ಕೆ 8ರಷ್ಟು ಸತ್ತರೆ, ಕೆಳಜಾತಿಯೆಂದು ಬರೆದಿಟ್ಟ ಬಡವರಲ್ಲಿ ಸಾವಿರಕ್ಕೆ 61. ಊಟವೊಂದೇ ಕಾರಣವಲ್ಲ, ಇಕ್ಕಟ್ಟಿನ ಮನೆ, ಆರೈಕೆಗೆ ಜನವಿಲ್ಲದ್ದು, ಎಲ್ಲವೂ ಸೇರಿತ್ತು. ಒಂದು ಕೋಣೆಗೆ ಆರು ಜನರನ್ನು ತುಂಬುವ ನಮ್ಮ ಲೈನು ಮನೆಗಳೂ ಇದೇ ಲೆಕ್ಕಕ್ಕೆ ಬರುತ್ತವೆ.

ಈಗ ಆ ಹುಡುಗನ ಸಂಗತಿ.

2023ರ ಫೆಬ್ರವರಿ ಕೊನೆಯ ವಾರ. ಆ ವರ್ಷ ಎಚ್3ಎನ್2 ಎಂಬ ಇನ್‌ಫ್ಲುಯೆಂಜಾ ದೇಶದಲ್ಲೆಲ್ಲ ಹಬ್ಬಿದ್ದು, ಅದರಿಂದಾದ ಸಾವು ಮೊದಲು ವರದಿಯಾದದ್ದು ನಮ್ಮ ಕಾಫಿ ಸೀಮೆಯೇ ಆದ ಹಾಸನ ಜಿಲ್ಲೆಯಿಂದ ಎಂಬುದು ಸದಸ್ಯರಿಗೆ ನೆನಪಿರಬಹುದು. ನಮ್ಮ ಲೈನು ಮನೆಯಲ್ಲಿಯೂ ಏಳೆಂಟು ಜನಕ್ಕೆ ಜ್ವರ, ಕೆಮ್ಮು. ಯಾವ ವೈರಸ್ಸೆಂದು ಪರೀಕ್ಷೆ ಮಾಡಿಸಿದವರಿಲ್ಲ. ಮೇಸ್ತ್ರಿಯ ಸೋದರಳಿಯ ಹತ್ತೊಂಬತ್ತರ ಹುಡುಗ, ತಂಡದಲ್ಲಿ ಎಲ್ಲರಿಗಿಂತ ಚುರುಕು. ಎರಡು ದಿನ ಮಲಗಿದ್ದವನು ಮೂರನೆಯ ದಿನ ಜ್ವರದ ಮಾತ್ರೆ ನುಂಗಿ ಕೆಲಸಕ್ಕೆ ಬಂದ. ಹಣ್ಣು ಗಿಡದಲ್ಲಿಯೇ ಒಣಗಿ ಉದುರುತ್ತಿತ್ತು, ಕಣದಲ್ಲಿ ಹರಡಿದ್ದಕ್ಕೆ ಮೋಡ ಕಟ್ಟಿತ್ತು. ಮಲಗಿಕೋ ಹೋಗು ಎನ್ನಬೇಕಾದ ನಾವು, "ಬೆವರು ಬಂದರೆ ಜ್ವರ ಇಳಿಯುತ್ತೆ, ಮಾಡು" ಎಂದೆವು. ಚೀಲ ಹೊರಲೂ ಅವನನ್ನೇ ಹಚ್ಚಿದೆವು. ಮರುದಿನ ಸಂಜೆ ಕಣದ ಬದಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮೇಲೇಳಲಿಲ್ಲ.

ಹೃದಯದ ಸ್ನಾಯುವಿಗೆ ಉರಿಯೂತವೆಂದು ಆಸ್ಪತ್ರೆಯಲ್ಲಿ ಹೇಳಿದರು. ಹನ್ನೊಂದು ದಿನ ಅಲ್ಲಿದ್ದ. ಬದುಕಿಕೊಂಡ. ಆದರೆ ಬಹುಕಾಲ ಭಾರದ ಕೆಲಸ ಕೂಡದೆಂದು ಕಟ್ಟಪ್ಪಣೆಯಾಯಿತು. ಚೀಲ ಹೊತ್ತದ್ದರಿಂದಲೇ ಹೀಗಾಯಿತೇ ಎಂದು ನಾವು ವೈದ್ಯರನ್ನು ಕೇಳಿದೆವು. ಹಾಗೆ ಖಚಿತವಾಗಿ ಹೇಳಲಾಗದು, ಜ್ವರ ಇರುವಾಗ ಹೃದಯಕ್ಕೆ ವಿಶ್ರಾಂತಿ ಬೇಕಿತ್ತು ಎಂದಷ್ಟೇ ಅಂದರು. ಆ ಉತ್ತರದಲ್ಲಿ ನಮಗೆ ಬಿಡುಗಡೆ ಇರಲಿಲ್ಲ.

ಬೆವರು ಹರಿಸಿದರೆ ಜ್ವರ ಬಿಡುತ್ತದೆಂಬ ನಂಬಿಕೆ ನಮ್ಮೊಬ್ಬರದಲ್ಲ. ಬಹಳ ಸದಸ್ಯರ ಬಾಯಲ್ಲಿ ಕೇಳಿದ್ದೇವೆ. ಅದು ತಪ್ಪೆಂದು ಬಹು ಹಿಂದೆಯೇ ತಿಳಿದುಬಂದಿದೆ. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೋಲಿಯೋ ಹಬ್ಬಿದ್ದಾಗ ರಿಚೀ ರಸೆಲ್ ಎಂಬ ವೈದ್ಯರು, ರೋಗ ತಲೆದೋರಿದ ದಿನಗಳಲ್ಲಿ ಮೈಮುರಿದು ಕೆಲಸ ಮಾಡಿದವರಲ್ಲಿ ಪಾರ್ಶ್ವವಾಯು ಹೆಚ್ಚು ತೀವ್ರವಾದುದನ್ನೂ, ಮೊದಲೇ ಹಾಸಿಗೆ ಹಿಡಿದವರು ಹಗುರವಾಗಿ ಪಾರಾದುದನ್ನೂ ಗುರುತಿಸಿ ಬರೆದರು. 1970ರಲ್ಲಿ ಅಮೆರಿಕದ ಸಂಶೋಧಕರು ಹೃದಯಕ್ಕೆ ತಗಲುವ ಕಾಕ್ಸ್‌ಸಾಕಿ ವೈರಸ್ಸನ್ನು ಇಲಿಮರಿಗಳಿಗೆ ಕೊಟ್ಟು, ಕೆಲವನ್ನು ನೀರಿನಲ್ಲಿ ಈಜಿಸಿದರು. ಈಜಿದ ಇಲಿಗಳ ಹೃದಯದಲ್ಲಿ ವೈರಸ್ಸು ಅನೇಕ ಪಟ್ಟು ಹೆಚ್ಚಿ, ಹೆಚ್ಚು ಇಲಿಗಳು ಸತ್ತವು. ಆರೋಗ್ಯವಿದ್ದಾಗ ಮೈಯನ್ನು ಕಾಪಾಡುವ ವ್ಯಾಯಾಮವೇ ಜ್ವರದಲ್ಲಿ ವೈರಸ್ಸಿನ ಪಕ್ಷ ಸೇರುತ್ತದೆ. ಜ್ವರ ಪೂರ್ತಿ ಬಿಟ್ಟು, ಊಟ ಸೇರಿ, ನಡೆದರೆ ಏದುಸಿರು ಬಾರದೆ ಇದ್ದಾಗ ಹಗುರ ಕೆಲಸದಿಂದ ಮೊದಲುಮಾಡಬೇಕು.

ಹಾಗಾದರೆ ಆರೋಗ್ಯವಿದ್ದಾಗಿನ ವ್ಯಾಯಾಮದ ಮಾತೇನು? ಇದು ಕೂಲಿಯವರಿಗೆ ಹೇಳುವ ಮಾತಲ್ಲ. ದಿನಕ್ಕೆ ಎಂಟು ಗಂಟೆ ಗುಡ್ಡ ಹತ್ತಿ ಇಳಿಯುವವರಿಗೆ ವ್ಯಾಯಾಮದ ಉಪದೇಶ ಮಾಡಿದರೆ ನಕ್ಕಾರು. ಇದು ನಮಗೆ, ಬೆಳೆಗಾರರಿಗೆ ಹೇಳಬೇಕಾದದ್ದು.

ನಮ್ಮ ತಂದೆಯವರ ಕಾಲದಲ್ಲಿ ತೋಟ ಸುತ್ತುವುದೆಂದರೆ ನಡೆಯುವುದೇ. ಮನೆಯಿಂದ ಕೆಳಗಿನ ಹಳ್ಳದವರೆಗೆ, ಅಲ್ಲಿಂದ ಅಡಿಕೆ ಬಾಗಾಯ್ತಿಗೆ, ಮೇಲಿನ ಬ್ಲಾಕಿಗೆ, ದಿನಕ್ಕೆ ಎರಡು ಸಲ. ನಾವು ಬೈಕು ಹೋಗುವಲ್ಲಿಗೆ ಬೈಕು, ಜೀಪು ಹೋಗುವಲ್ಲಿಗೆ ಜೀಪು, ಎರಡೂ ಹೋಗದ ಕಡೆಗೆ ರೈಟರನ್ನು ಕಳಿಸಿ ಹದಿನೈದು ವರ್ಷ ಕಳೆದೆವು. ಹೊಟ್ಟೆ ಬಂತು, ಸಕ್ಕರೆ ಕಾಯಿಲೆ ಬಂತು. 2021ರ ಮೇ ತಿಂಗಳಲ್ಲಿ ಕೋವಿಡ್ ತಗುಲಿ ಒಂಬತ್ತು ದಿನ ಆಮ್ಲಜನಕದ ನಳಿಗೆ ಕಟ್ಟಿಕೊಂಡು ಮಲಗಿದೆವು. ಅದೇ ತಿಂಗಳು ಮುಡಬಿಯಲ್ಲಿ ಮೇಸ್ತ್ರಿಗೂ ಬಂತು. ಅವರು ನಮಗಿಂತ ಎರಡು ವರ್ಷ ಹಿರಿಯರು. ಹೊಲದ ಗುಡಿಸಲಿನಲ್ಲಿ ಆರು ದಿನ ಒಬ್ಬರೇ ಮಲಗಿ ಎದ್ದು ಬಂದರು.

ಇಬ್ಬರ ಕಥೆಯಿಂದ ಸಿದ್ಧಾಂತ ಮಾಡಲಾಗದು. ಆ ಸೀಮೆಯೇನೂ ಕೋವಿಡ್ಡಿನಿಂದ ತಪ್ಪಿಸಿಕೊಂಡದ್ದಲ್ಲ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚಿನಲ್ಲಿ ನೆರೆಯ ಕಲಬುರಗಿಯಲ್ಲಿ. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಅದೇ ವರ್ಷ ಸೆಪ್ಟೆಂಬರ್ 24ರಂದು ಈ ರೋಗದಿಂದಲೇ ತೀರಿಕೊಂಡರು. ಗಟ್ಟಿಮುಟ್ಟಾದ ರೈತರೂ ಹೋದರೆಂದು ಮೇಸ್ತ್ರಿಯೇ ಹೆಸರು ಹೇಳಿ ಎಣಿಸಿದರು. ಆದುದರಿಂದ ಒಬ್ಬಿಬ್ಬರನ್ನು ಬಿಟ್ಟು ಸಾವಿರಾರು ಜನರ ಲೆಕ್ಕವನ್ನು ನೋಡಬೇಕು.

ಅಂಥದೊಂದು ಲೆಕ್ಕ 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ಬಂತು. ಅಲ್ಲಿನ ಒಂದು ದೊಡ್ಡ ಆಸ್ಪತ್ರೆ ವ್ಯವಸ್ಥೆಯಲ್ಲಿ ರೋಗಿ ಬಂದಾಗಲೆಲ್ಲ ನಾಡಿ, ರಕ್ತದೊತ್ತಡಗಳ ಜೊತೆಗೆ ವಾರಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡುತ್ತೀರೆಂದೂ ಕೇಳಿ ಬರೆದಿಡುತ್ತಾರೆ. ಹೀಗಾಗಿ ಕೋವಿಡ್ ಬಂದ 48,440 ಜನರ ಹಿಂದಿನ ಅಭ್ಯಾಸ ರೋಗಕ್ಕೆ ಮುಂಚೆಯೇ ದಾಖಲಾಗಿತ್ತು. ವಾರಕ್ಕೆ 150 ನಿಮಿಷ ಅಥವಾ ಹೆಚ್ಚು ವ್ಯಾಯಾಮವನ್ನು ಬಿಡದೆ ಮಾಡುತ್ತಿದ್ದವರಿಗೆ ಹೋಲಿಸಿದರೆ, ಏನೂ ಮಾಡದವರು ಆಸ್ಪತ್ರೆ ಸೇರುವ ಸಂಭವ 2.26 ಪಟ್ಟು, ಸಾಯುವ ಸಂಭವ 2.49 ಪಟ್ಟು ಇತ್ತು. ವಯಸ್ಸು, ಸಕ್ಕರೆ ಕಾಯಿಲೆ ಮುಂತಾದವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಅಂತರ ಉಳಿಯಿತು. ಮೊದಲೇ ಅಶಕ್ತರಾದವರು ವ್ಯಾಯಾಮ ಮಾಡಲಾರರು ಎಂಬ ಒಂದು ಮಾತು ಇದರಲ್ಲಿ ಉಳಿದೇ ಇರುತ್ತದೆ, ನಿಜ. ಆದರೆ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಅದೇ ದಿಕ್ಕನ್ನು ತೋರಿಸುತ್ತದೆ: 1,002 ಜನರನ್ನು ಹನ್ನೆರಡು ವಾರ ಗಮನಿಸಿದಾಗ, ವಾರಕ್ಕೆ ಐದು ದಿನವಾದರೂ ವ್ಯಾಯಾಮ ಮಾಡುವವರು ನೆಗಡಿ ಕೆಮ್ಮಿನಲ್ಲಿ ಕಳೆದ ದಿನಗಳು ಕುಳಿತೇ ಇರುವವರಿಗಿಂತ ನೂರಕ್ಕೆ 43ರಷ್ಟು ಕಡಿಮೆ.

ಕಾರಣವೇನೆಂದರೆ, ಬಿರುಸಾಗಿ ನಡೆಯುವಾಗ ಮೂಲೆಯಲ್ಲಿ ತಂಗಿರುವ ರಕ್ಷಣಾ ಕಣಗಳು ರಕ್ತಕ್ಕಿಳಿದು ಮೈಯೆಲ್ಲ ಸುತ್ತಿ ಕಾವಲು ಮಾಡಿ ಬರುತ್ತವೆ. ಹೊಟ್ಟೆಯ ಒಳಗೊಬ್ಬು ಸದಾ ಹೊಗೆಯಾಡಿಸುವ ಉರಿಯೂತ ದಿನ ಕಳೆದಂತೆ ಇಳಿಯುತ್ತದೆ. ಮಾಂಸಖಂಡ ಕಾಯಿಲೆಯ ಕಾಲಕ್ಕೆ ಇಟ್ಟ ಠೇವಣಿಯಂತೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಎರಡು ದಿನ ಸ್ನಾಯು ಬಲಗೊಳ್ಳುವ ಕೆಲಸ. ಬೆಳಿಗ್ಗೆ ಮೇಲಿನ ಬ್ಲಾಕಿನವರೆಗೆ ನಡೆದು ಬರಲು ನಮಗೆ ನಲವತ್ತು ನಿಮಿಷ ಬೇಕು. ಮೂರು ವರ್ಷಗಳಿಂದ ನಡೆಯುತ್ತಿದ್ದೇವೆ. ವೈದ್ಯರು ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ಕಾಂಡಕೊರಕ ಬಿದ್ದ ಗಿಡಗಳೂ ಮೊದಲಿಗಿಂತ ಬೇಗ ಕಣ್ಣಿಗೆ ಬೀಳುತ್ತಿವೆ. ಜೀಪಿನಿಂದ ಅದು ಕಾಣುತ್ತಿರಲಿಲ್ಲ.

ಇಷ್ಟು ಹೇಳಿದೆವೆಂದು ಊಟ ಮತ್ತು ನಡಿಗೆಯನ್ನೇ ನೆಚ್ಚಿ ಕುಳಿತುಕೊಳ್ಳಬಾರದು. ಮಂಗನ ಕಾಯಿಲೆ ನಮ್ಮ ನೆರೆಯಲ್ಲಿಯೇ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಮನೆಗಳಿಗೆ ಸೂತಕ ತಂದಿತೆಂಬುದು ಅಡಿಕೆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಅಲ್ಲಿ ಮೊದಲ ಕೆಲಸ: ಕಾಡಿಗೆ, ದರಗಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯ ತೈಲ ಹಚ್ಚುವುದು, ಮೈಮುಚ್ಚುವ ಬಟ್ಟೆ, ಬಂದೊಡನೆ ಬಿಸಿನೀರಿನ ಸ್ನಾನ, ಮಂಗ ಸತ್ತದ್ದು ಕಂಡರೆ ಕೂಡಲೇ ತಿಳಿಸುವುದು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ನಿಂತುಹೋಗಿರುವುದರಿಂದ ಈ ಎಚ್ಚರ ಇನ್ನೂ ಹೆಚ್ಚಬೇಕು. ಹುಚ್ಚುನಾಯಿ ಕಚ್ಚಿದರಂತೂ ಪೈಲ್ವಾನನಾದರೂ ಸರಿ, ಗಾಯವನ್ನು ಸೋಪಿನಿಂದ ತೊಳೆದು ಅಂದೇ ಲಸಿಕೆಗೆ ಓಡಬೇಕು. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆಯುವವನನ್ನು ನೋಡಿ ನಗುವ ನಾವು, ಲಸಿಕೆಯ ವಿಷಯದಲ್ಲಿ ಅದನ್ನೇ ಮಾಡುತ್ತೇವೆ. ಲಸಿಕೆ ಕೆಲಸ ಮಾಡಬೇಕಾದರೂ ಪ್ರತಿಕಾಯ ಕಟ್ಟಲು ಮೈಯಲ್ಲಿ ಸರಕು ಬೇಕು, ಅಷ್ಟೇ.

ಮಾತ್ರೆಗಳ ಬಗ್ಗೆಯೂ ಒಂದು ಮಾತು. ಕೋವಿಡ್ ಕಾಲದಲ್ಲಿ ಸಿ ಜೀವಸತ್ವದ ಗುಳಿಗೆಗೆ ನಮ್ಮ ಪೇಟೆಯಲ್ಲಿ ಸಾಲು ನಿಂತವರುಂಟು. ಅದನ್ನು ದಿನವೂ ನುಂಗಿದರೆ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗದು, ಬಂದ ನೆಗಡಿ ದೊಡ್ಡವರಲ್ಲಿ ನೂರಕ್ಕೆ 8ರಷ್ಟು ಬೇಗ ಬಿಡುತ್ತದೆ ಎಂಬುದು 2013ರವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿದಾಗ ಕಂಡದ್ದು. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ತರಬೇತಿ ಪಡೆಯುವ ಸೈನಿಕರು ಮುಂತಾದ ತೀವ್ರ ಶ್ರಮದವರಲ್ಲಿ ಮಾತ್ರ ನೆಗಡಿ ಅರ್ಧಕ್ಕಿಳಿಯಿತು. ಆ ಲೆಕ್ಕದಲ್ಲಿ ಗುಳಿಗೆ ಬೇಕಾದದ್ದು ಕುರ್ಚಿಯಲ್ಲಿ ಕುಳಿತ ನಮಗಲ್ಲ. ಚೀಲ ಹೊರುವವರಿಗೆ ಊಟದಲ್ಲಿ ಒಂದು ನೆಲ್ಲಿಕಾಯಿ ಸಿಕ್ಕಿದರೂ ಸಾಕು.

ಮುಡಬಿಯ ಹೊಲದಲ್ಲಿ ಅಂದು ಆ ಹುಡುಗನೇ ಅಂಬಲಿಯ ಕೊಡ ಹಿಡಿದು ಎಲ್ಲರಿಗೂ ಹಾಕುತ್ತ ಬಂದ. ಮೈ ತುಂಬಿಕೊಂಡಿದ್ದಾನೆ. ನಮ್ಮನ್ನು ಕಂಡು, "ಈ ವರ್ಷ ನಾನೂ ಬರ್ತೀನ್ರಿ ಸಾವ್ಕಾರ್ರ" ಎಂದ. ವೈದ್ಯರ ಚೀಟಿ ಇಲ್ಲದೆ ಬೇಡವೆಂದೆವು. ಚೀಟಿ ತಂದಿದ್ದಾನೆ. ಈಗ ಕಣದಲ್ಲಿ ತೂಕದ ಲೆಕ್ಕ ಬರೆಯುತ್ತಾನೆ, ಚೀಲ ಮುಟ್ಟಲು ಬಿಟ್ಟಿಲ್ಲ.

ಕಳೆದ ಮಹಾಸಭೆಯಲ್ಲಿ ಲೈನು ಮನೆಗಳ ಊಟದ ಠರಾವನ್ನು ಮಂಡಿಸಿದಾಗ, ಸಂಘ ಇರುವುದು ಅಡಿಕೆ ಮಾರಲಿಕ್ಕೋ ಅನ್ನಛತ್ರ ನಡೆಸಲಿಕ್ಕೋ ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ಸಭೆ ನಕ್ಕಿತು, ಠರಾವು ಬಿದ್ದುಹೋಯಿತು. ಬರುವ ಮಹಾಸಭೆಯಲ್ಲಿ ಅದನ್ನು ಮತ್ತೆ ತರುತ್ತಿದ್ದೇವೆ, ಈ ಸಲ ಎರಡು ಭಾಗವಾಗಿ. ಮೊದಲನೆಯದು, ಜ್ವರ ಬಂದ ಆಳನ್ನು ಮೂರು ದಿನ ಕೆಲಸಕ್ಕೆ ಹಚ್ಚದೆ ಅರ್ಧ ಕೂಲಿ ಕೊಡುವುದು, ಮೂರು ದಿನಕ್ಕೂ ಬಿಡದಿದ್ದರೆ ವೈದ್ಯರಲ್ಲಿಗೆ ಕಳಿಸುವುದು. ಕೂಲಿ ಹೋಗುತ್ತದೆಂಬ ಭಯವಿಲ್ಲದಿದ್ದರೆ ಯಾರೂ ಮಾತ್ರೆ ನುಂಗಿ ಗಿಡದ ಬಳಿ ಬಂದು ನಿಲ್ಲುವುದಿಲ್ಲ. ಒಬ್ಬನ ಜ್ವರ ಇಡೀ ಸಾಲಿಗೆ ಹಬ್ಬಿ ಕೊಯ್ಲು ನಿಲ್ಲುವ ನಷ್ಟಕ್ಕಿಂತ ಇದು ಅಗ್ಗ ಎಂಬುದನ್ನು 2023ರ ನಮ್ಮ ತೋಟದ ಲೆಕ್ಕದಿಂದಲೇ ಸಭೆಗೆ ತೋರಿಸುತ್ತೇವೆ. ಎರಡನೆಯದು, ತಲೆಗೆ ದಿನಕ್ಕೆ 400 ಗ್ರಾಂ ಅಕ್ಕಿಗೆ 125 ಗ್ರಾಂ ತೊಗರಿಬೇಳೆ, 50 ಗ್ರಾಂ ಶೇಂಗಾ, ತಿನ್ನುವವರಿಗೆ ಒಂದು ಮೊಟ್ಟೆ. ಒಟ್ಟು ಪ್ರೋಟೀನು 70 ಗ್ರಾಮನ್ನು ಮುಟ್ಟುತ್ತದೆ.

ಠರಾವು ಏನಾದರೂ ಆಗಲಿ, ಬೇಕೆಂದ ಸದಸ್ಯರಿಗಾಗಿ ಸಂಘದ ಮಳಿಗೆಯಲ್ಲಿ ತೊಗರಿಬೇಳೆ ಮತ್ತು ಶೇಂಗಾವನ್ನು ಖರೀದಿ ಬೆಲೆಗೇ ಕೊಡಲು ಆಡಳಿತ ಮಂಡಳಿ ಒಪ್ಪಿದೆ. ಬೇಳೆಯನ್ನು ಮೇಸ್ತ್ರಿಯ ಮೂಲಕ ಮುಡಬಿಯ ಕಡೆಯಿಂದಲೇ ತರಿಸುತ್ತಿದ್ದೇವೆ. ಲೈನು ಮನೆಯಲ್ಲಿ ಎಷ್ಟು ಜನ, ಎಷ್ಟು ವಾರಕ್ಕೆ ಬೇಕು ಎಂಬುದನ್ನು ಬರೆದು, ಸದಸ್ಯತ್ವದ ಸಂಖ್ಯೆಯೊಡನೆ ಚೀಟಿಯನ್ನು ಮಳಿಗೆಯ ಗುಮಾಸ್ತರಲ್ಲಿ ತಿಂಗಳ ಕೊನೆಯೊಳಗೆ ಕೊಡಬೇಕು. ಚೀಲ ತರುವುದು ಸದಸ್ಯರ ಹೊಣೆ, ಗೋಣಿಯ ಅಭಾವವಿದೆ.